ಹೇಮಕ್ಕನ ದಕ್ಕೆ ಮತ್ತು ಗೂಡಂಗಡಿಯ ಕುಶಾಲು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಬೇಗ ಬರುತ್ತದೆ. ಬೋಳಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ಸಿಟ್ಟು ಬಾರದೆ ಇರುವುದಾದರೂ ಹೇಗೆ? ಕೀಬೋರ್ಡಿನ ಮೇಲೆ ಮೀನಿನ ಸಾರು ಚೆಲ್ಲಿಕೊಂಡು ತಂದು, 'ಅದರಷ್ಟಕ್ಕೇ ಹಾಳಾಯ್ತು ಎಲ್ರೊಯ್' ಎನ್ನುವ ಜನರ ನಡುವೆ ನನ್ನ ಸಂಸಾರ ಸಾಗಬೇಕು. ಆದರೆ ಹೇಮಕ್ಕನ ವಿಷಯದಲ್ಲಿ ನನಗೆ ಬಂದದ್ದು ಬರೀ ಸಿಟ್ಟಲ್ಲ. ಆ ಬೆಳಿಗ್ಗೆ ಅವರ ಕಂಪ್ಯೂಟರ್ ನೋಡಿದಾಗ ನನ್ನ ಬಾಯಿಗೆ ಒಂದು ಬೈಗುಳವೂ ಬಂದಿರಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಅದು ಸಣ್ಣ ಸಂಗತಿಯಲ್ಲ.

ಹೇಮಕ್ಕ ಎಂದರೆ ಹೇಮಾಕ್ಷಿ. ನನ್ನ ಅಂಗಡಿಯ ಹಿಂದಿನ ಓಣಿಯಲ್ಲೇ ಮನೆ. ಮೊಗವೀರರ ಹೆಣ್ಣು, ಹುಟ್ಟಿದ್ದು ಹೊಳೆಯಾಚೆ ಬೆಂಗ್ರೆಯಲ್ಲಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ಪೂವಪ್ಪಣ್ಣ ಬೋಟಿನಲ್ಲಿ ದುಡಿದವರು, ಈಗ ಜಗಲಿಯಲ್ಲಿ ಕೂತು ಊರವರ ಹರಿದ ಬಲೆ ಸರಿಮಾಡುತ್ತಾರೆ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವರ ಪಾಲಿನ ಮಾತನ್ನೂ ಹೇಮಕ್ಕನೇ ಆಡಿ ಮುಗಿಸುತ್ತಿದ್ದರು. ಬಂದರಿನ ದಕ್ಕೆಯ ಕಟ್ಟೆಗೆ ಬೋಟು ಬಂದು ನಿಂತರೆ ಸಾಕು, ಏಲಂ ಕೂಗುವವನ ದನಿಗಿಂತ ಹೇಮಕ್ಕನ ದನಿ ಮೇಲೆ. ಬೂತಾಯಿ ಇರಲಿ, ಅಂಜಲ್ ಇರಲಿ, ಕಿವಿರು ಎತ್ತಿ ನೋಡಿ, ಮೂಗು ಮುರಿದು, ತಾನು ಹೇಳಿದ ರೇಟಿಗೇ ಬುಟ್ಟಿ ತುಂಬಿಸಿಕೊಂಡು ಹೊರಡುತ್ತಿದ್ದರು.

ಮಾರ್ಕೆಟ್ಟಿನಲ್ಲಿ ಅವರ ಪಕ್ಕದಲ್ಲಿ ಕೂರುತ್ತಿದ್ದವಳು ಅಪ್ಪಿ. ಮದುವೆಯಾಗಿ ಬಂದ ವರ್ಷದಿಂದ ಒಟ್ಟಿಗೆ ಕೂತವರು, ಒಟ್ಟಿಗೆ ಜಗಳ ಮಾಡಿದವರು. ನೆರಳಿರುವ ಜಾಗ ಒಂದೇ ಇತ್ತು, ಅದಕ್ಕೆ ದಿನಾ ಬೆಳಿಗ್ಗೆ ಯುದ್ಧ. ಗೆಲ್ಲುವವಳು ಯಾವಾಗಲೂ ಅಪ್ಪಿ. ಹೇಮಕ್ಕ ಬಿಸಿಲಲ್ಲಿ ಕೂತು ಶಾಪ ಹಾಕುತ್ತಲೇ ಮಧ್ಯಾಹ್ನ ಅವಳ ಬುತ್ತಿಯಿಂದಲೇ ಉಣ್ಣುತ್ತಿದ್ದರು. ಆ ಅಪ್ಪಿ ಒಂದು ಮಳೆಗಾಲ ಜ್ವರ ಬಂದು ಮಲಗಿದವಳು ಮತ್ತೆ ಏಳಲಿಲ್ಲ. ಮರುದಿನ ನೆರಳಿನ ಜಾಗ ಖಾಲಿ ಇತ್ತು. ಹೇಮಕ್ಕ ಅಲ್ಲಿ ಕೂರಲಿಲ್ಲ. ಬೇರೆಯವರನ್ನೂ ಕೂರಲು ಬಿಡಲಿಲ್ಲ.

ಮುಂದೆ ಅವರ ಮೊಣಕಾಲೇ ಕೈಕೊಟ್ಟಿತು. ಬುಟ್ಟಿ ಹೊರುವುದು ಬಿಡಿ, ಓಣಿಯ ಕೊನೆಗೆ ಬರುವುದೇ ಕಷ್ಟ ಎನ್ನುವಂತಾಯಿತು. ಜೀವಮಾನವೆಲ್ಲ ಸಾವಿರ ಜನರ ನಡುವೆ ಕೂಗಾಡಿದವರಿಗೆ ಮನೆಯ ನಾಲ್ಕು ಗೋಡೆ, ಮೂಕ ಗಂಡ. ಅದಕ್ಕೇ ನನ್ನ ಅಂಗಡಿಗೆ ಬಂದು ಕೂರುತ್ತಿದ್ದರು. ಒಂದು ದಿನ ನಾನು ರಿಪೇರಿ ಮಾಡಿದ ಕಂಪ್ಯೂಟರ್ ಪರೀಕ್ಷಿಸಲು 'ಬಂದರು ಕಟ್ಟು' ಎಂಬ ಗೇಮ್ ಹಾಕಿದ್ದೆ. ಖಾಲಿ ದಂಡೆಯಲ್ಲಿ ದಕ್ಕೆ ಕಟ್ಟಬೇಕು, ಬೋಟು ತರಿಸಬೇಕು, ಮಾರ್ಕೆಟ್ಟಿಗೆ ಜನ ಕೂರಿಸಬೇಕು, ಅಂಥದ್ದು. ಹೇಮಕ್ಕ ಕನ್ನಡಕ ಏರಿಸಿ ನೋಡಿದರು.

"ಇದೆಂತ ಎಲ್ರೊಯ್, ದಕ್ಕೆಯಾ? ಥೂ ನಿನ್ನ! ಐಸ್ ಎಲ್ಲುಂಟು? ಮೀನು ಬಿಸಿಲಲ್ಲಿ ಕೊಳೀಲಿಕ್ಕಾ ನೀನು ಬೋಟು ತರಿಸಿದ್ದು?"

"ಅಷ್ಟು ಗೊತ್ತಿದ್ರೆ ನೀವೇ ಕಟ್ಟಿ ಮಾರಾಯ್ರೆ," ಎಂದು ಮೌಸ್ ಅವರ ಕೈಗೆ ಕೊಟ್ಟೆ. ಆವತ್ತು ಕೊಟ್ಟ ಮೌಸ್ ಅವರು ವಾಪಸ್ ಕೊಡಲೇ ಇಲ್ಲ ಎಂದುಕೊಳ್ಳಿ. ಕೊನೆಗೆ ಒಂದು ಹಳೆಯ ಕಂಪ್ಯೂಟರನ್ನೇ ಅವರ ಮನೆಗೆ ಜೋಡಿಸಿಕೊಟ್ಟೆ.

ಆ ಗೇಮ್ ಮಾರುತ್ತಿದ್ದದ್ದು 'ಗೂಡಂಗಡಿ' ಎಂಬ ಆನ್‌ಲೈನ್ ಅಂಗಡಿ. ಅಲ್ಲೇ ಕೊಳ್ಳಬೇಕು, ಅಲ್ಲಿಗೇ ಲಾಗಿನ್ ಆಗಿ ಆಡಬೇಕು, ಆಡಿದ್ದೆಲ್ಲ ಅವರ ಸರ್ವರಿನಲ್ಲೇ ಉಳಿಯುತ್ತದೆ. ನಮ್ಮ ಕಡೆಯ ಅರ್ಧ ಹುಡುಗರು ಅದರ ಗಿರಾಕಿಗಳು, ನಾನೂ ಸೇರಿ. ಹೇಮಕ್ಕನಿಗೆ ಅದು ಹಿಡಿಸಿದ್ದು ಕನ್ನಡದಲ್ಲಿ ಮಾತಾಡುತ್ತದೆ ಎಂದು. 'ಬನ್ನಿ ಹೇಮಾಕ್ಷಿಯವರೇ, ಊಟ ಆಯ್ತಾ?' ಎಂದು ಪರದೆಯ ಮೇಲೆ ಬರುತ್ತಿತ್ತು. ಕಂಪ್ಯೂಟರ್ ಎಲ್ಲರಿಗೂ ಹಾಗೇ ಕೇಳುತ್ತದೆ ಎಂದು ನಾನೆಷ್ಟು ಹೇಳಿದರೂ ಅವರು 'ಆಯ್ತು ಮಗಾ' ಎಂದು ಉತ್ತರ ಕೊಟ್ಟೇ ಕೂರುತ್ತಿದ್ದರು. ಮುಗಿಸಿ ಏಳುವಾಗ 'ಬರ್ತೇನೆ ಆಯ್ತಾ' ಎಂದು ಹೇಳಿಯೇ ಆಫ್ ಮಾಡುವುದು. ಹೇಮಕ್ಕ ಎಲ್ಲಿಂದ ಎದ್ದರೂ ಬರ್ತೇನೆ ಎನ್ನದೆ ಹೋದವರಲ್ಲ. ಸಾವಿನ ಮನೆಯೊಂದನ್ನು ಬಿಟ್ಟು. ಅಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಸುಮ್ಮನೆ ಎದ್ದು, ತಿರುಗಿ ನೋಡದೆ ನಡೆಯುವುದು.

ವರ್ಷಗಳು ಕಳೆದ ಹಾಗೆ ಪರದೆಯ ಮೇಲೆ ಒಂದು ದಕ್ಕೆ ಎದ್ದು ನಿಂತಿತು. ನಾನು ಸಾಕಷ್ಟು ಗೇಮ್ ನೋಡಿದ್ದೇನೆ, ಅಂಥದ್ದು ನೋಡಿಲ್ಲ. ಬೋಟುಗಳಿಗೆ ನಮ್ಮ ಬೋಟುಗಳದೇ ಬಣ್ಣ. ಅದು ಪೂವಪ್ಪಣ್ಣನ ಇಲಾಖೆ. ಹಿಂದೆ ನಿಂತು "ನೀಲಿ ಅಲ್ಲ, ಹಸಿರು" ಎಂದು ಹೇಳಿ ಮತ್ತೆ ಬಲೆಗೆ ಹೋಗುತ್ತಿದ್ದರು. ಮಾರ್ಕೆಟ್ಟಿನಲ್ಲಿ ಸಾಲಾಗಿ ಹೆಂಗಸರು, ಒಬ್ಬೊಬ್ಬರಿಗೂ ಹೆಸರು. ಒಂದೇ ಒಂದು ಮರ, ಮರದ ನೆರಳಲ್ಲಿ ಕೆಂಪು ಸೀರೆಯ ಒಂದು ಗೊಂಬೆ. ಪಕ್ಕದಲ್ಲಿ ಬಿಸಿಲಿಗೆ ಹಳದಿ ಸೀರೆಯ ಇನ್ನೊಂದು.

"ಕೆಂಪು ಯಾರು ಹೇಮಕ್ಕ?"

"ಮತ್ಯಾರು? ಅಪ್ಪಿ. ಇಲ್ಲಿಯೂ ನೆರಳು ಹೊಡ್ಕೊಂಡು ಕೂತಿದ್ದಾಳೆ ನೋಡು, ಮುಂಡೆ."

ಬೈದದ್ದೇನೋ ಬೈದರು. ಆದರೆ ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಅವರು ಮೊದಲು ಹೋಗುವುದು ಆ ಮರದ ಬುಡಕ್ಕೇ. ಅಪ್ಪಿಯ ಬುಟ್ಟಿಯಲ್ಲಿ ಮೀನು ಉಂಟಾ ನೋಡಿ, ಇಲ್ಲದಿದ್ದರೆ ತನ್ನದರಿಂದ ಹಾಕಿ, ಆಮೇಲೆ ಬಾಕಿ ಕೆಲಸ.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಪೂವಪ್ಪಣ್ಣನ ಮನೆಯಲ್ಲಿ ಹಿಂದಿನಿಂದ ಒಂದು ಕ್ರಮ ಉಂಟು. ಆಯುಷ್ಯ ಮುಗಿದ ದೋಣಿಯನ್ನು ಗುಜರಿಯವನ ಕೈಗೆ ಹಾಗೇ ಕೊಡುವುದಿಲ್ಲ. ಅದರಲ್ಲಿ ಉಂಡವರೇ ತೆಂಗಿನಕಾಯಿ ಒಡೆದು, ಕೈಮುಗಿದು, ತಮ್ಮ ಕೈಯಿಂದಲೇ ಹಲಗೆ ಕಳಚಬೇಕು. ಅವರ ಅಪ್ಪನ ದೋಣಿ ಕಳಚಿದಾಗ ಹೊಸ ಸೊಸೆ ಹೇಮಕ್ಕನೂ ಒಂದು ಹಲಗೆ ತೆಗೆದಿದ್ದರಂತೆ. "ನಮಗೆ ಅನ್ನ ಹಾಕಿದ್ದನ್ನು ಪರರು ಒಡೀಬಾರದು" ಎಂದು ಹೇಮಕ್ಕ ನನಗೆ ಆ ಕಥೆ ಹೇಳಿದ್ದರು. ನಾನು ಹೂಂಗುಟ್ಟಿ ಮರೆತಿದ್ದೆ.

ಸರಿ. ಒಂದು ಮಂಗಳವಾರ ಬೆಳಿಗ್ಗೆ ಅಂಗಡಿಯ ಶಟರ್ ಎತ್ತುವಾಗಲೇ ನನ್ನ ಫೋನು ಹುಚ್ಚು ಹಿಡಿದ ಹಾಗೆ ಬಡಿದುಕೊಂಡಿತು. ರಹ್ಮತ್. ಬಂದರಿನಲ್ಲಿ ಒಣಮೀನಿನ ಗೋದಾಮು ಅವನದು, ಹಗಲು ವ್ಯಾಪಾರ, ಬಾಕಿ ಹೊತ್ತೆಲ್ಲ ಗೂಡಂಗಡಿಯ ಫುಟ್‌ಬಾಲ್ ಗೇಮ್.

"ಎಲ್ರೊಯ್, ನೋಡಿದ್ಯಾ? ಗೂಡಂಗಡಿ ಮುಚ್ಚುದಂತೆ ಮಾರಾಯ! ಯಾ ಅಲ್ಲಾ, ನನ್ನ ಟೀಮ್!"

ನಾನು ತೆರೆದು ನೋಡಿದೆ. ಕಪ್ಪು ಪರದೆ. ನಡುವೆ ಒಂದು ದೀಪ, ಸತ್ತವರ ತಲೆಯ ಬಳಿ ಹಚ್ಚಿಡುವಂಥದ್ದು. ಕೆಳಗೆ ಬಿಳಿ ಅಕ್ಷರ: 'ಪ್ರೀತಿಯ ಗಿರಾಕಿಗಳೇ, ಇಂದು ಸಂಜೆ ಗೂಡಂಗಡಿಯ ದೀಪ ಆರುತ್ತದೆ. ನಿಮ್ಮ ಆಟಗಳೂ ನೀವು ಉಳಿಸಿಟ್ಟದ್ದೆಲ್ಲವೂ ನಮ್ಮೊಂದಿಗೇ ಅಳಿಯುತ್ತವೆ. ಇಷ್ಟು ದಿನ ಜೊತೆಗಿದ್ದಿರಿ. ಕ್ಷಮಿಸಿ.'

ಸಾಯ್ಬಾ, ನನ್ನ ದೇವರೇ! ಒಂದು ಕಾರಣ ಇಲ್ಲ, ಒಂದು ವಾರದ ಮುನ್ಸೂಚನೆ ಇಲ್ಲ, ಫೋನ್ ಮಾಡಿದರೆ ಎತ್ತುವವರಿಲ್ಲ. ಸುರತ್ಕಲ್‌ನಿಂದ ಅಮೃತ್ ಎಂಬ ಎಂಜಿನಿಯರಿಂಗ್ ಹುಡುಗ ಲ್ಯಾಪ್‌ಟಾಪ್ ಎತ್ತಿಕೊಂಡು ಬೈಕಿನಲ್ಲಿ ಹಾರಿ ಬಂದ. ಹಾಸ್ಟೆಲಿನ ನೆಟ್ ನಿಧಾನ, ಇಲ್ಲಾದರೂ ಸಿಕ್ಕಿದಷ್ಟು ಇಳಿಸಿಕೊಳ್ಳಲು ನೋಡುತ್ತೇನೆ ಎಂದ. ಒಂದೂ ಇಳಿಯಲಿಲ್ಲ. ಆವತ್ತು ಅವನಿಗೆ ಲ್ಯಾಬ್ ಪರೀಕ್ಷೆ ಇತ್ತು ಎಂದು ಆಮೇಲೆ ಗೊತ್ತಾಯಿತು. ಗೂಡಂಗಡಿಯ ಪುಟದ ಕೆಳಗೆ ಜನ ಬರೆದದ್ದೇ ಬರೆದದ್ದು. ಅಳುವವರು, ಕಾಲು ಹಿಡಿಯುವವರು, ಕೇಸು ಹಾಕುತ್ತೇನೆ ಎನ್ನುವವರು. ನಾನೂ ಬರೆದೆ. ಏನು ಬರೆದೆ ಎಂದು ಇಲ್ಲಿ ಹೇಳುವ ಹಾಗಿಲ್ಲ, ಭಾನುವಾರ ಇಗರ್ಜಿಗೆ ಹೋಗುವ ಮನುಷ್ಯ ನಾನು.

ಮಧ್ಯಾಹ್ನದ ಹೊತ್ತಿಗೆ ಹೇಮಕ್ಕನ ನೆನಪಾಗಿ ಓಡಿದೆ. ಅವರು ಪರದೆಯ ಮುಂದೆ ಕೂತಿದ್ದರು. ಆ ಕಪ್ಪು ಪುಟವನ್ನು ಓದಿ ಆಗಿತ್ತು.

"ಹೇಮಕ್ಕ, ಕಳ್ಳನನ್ಮಕ್ಕಳು, ನಮ್ಮನ್ನು ಮುಳುಗಿಸಿದ್ರು—"

"ಬಾಯಿ ಮುಚ್ಚು ನೀನು," ಎಂದರು. ದನಿ ಮಾತ್ರ ಸಣ್ಣದು. "ಯಾರಾದ್ರೂ ಚಂದದಲ್ಲಿ ನಡೀತಿದ್ದ ಅಂಗಡಿ ಪೊಕ್ಕಡೆ, ಕಾರಣ ಇಲ್ಲದೆ, ಮುಚ್ತಾರಾ? ಅವರ ಮನೆಯಲ್ಲಿ ಎಂತದೋ ಆಗಿರ್ಬೇಕು. ಯಾರೋ ಹೋಗಿರ್ಬೇಕು. ಕಣ್ಣೀರಲ್ಲಿ ಇರುವವರಿಗೆ ಬೈಯುದಾ ನೀನು?"

ನಾನು ಪೆಚ್ಚಾದೆ. ಅವರು ಒಂದೊಂದೇ ಅಕ್ಷರ ಹುಡುಕಿ ಆ ಪುಟದ ಕೆಳಗೆ ಬರೆದರು: 'ಧೈರ್ಯ ತಕ್ಕೊಳ್ಳಿ ಮಕ್ಕಳೇ. ಮನೆಯಲ್ಲಿ ಎಲ್ಲರೂ ಕ್ಷೇಮವಾ? ಊಟ ಬಿಡಬೇಡಿ.' ಅಷ್ಟು ಜನರ ಬೈಗುಳದ ನಡುವೆ ಆ ಒಂದು ಸಾಲು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೋಗು ಎಲ್ರೊಯ್. ನನಗೆ ಸಂಜೆ ಒಳಗೆ ಸ್ವಲ್ಪ ಕೆಲಸ ಉಂಟು" ಎಂದರು. ಏನು ಕೆಲಸ ಎಂದು ನಾನು ಕೇಳಲಿಲ್ಲ. ಅಂಗಡಿಯಲ್ಲಿ ಅಮೃತ್ ಒಬ್ಬನೇ ಇದ್ದ, ಅವಸರದಲ್ಲಿ ಬಂದುಬಿಟ್ಟೆ. ಸಂಜೆ ಪರದೆಯ ಮೇಲಿನ ದೀಪ ಆರಿತು. ರಹ್ಮತ್ ಫೋನ್ ಮಾಡಿ ಬರೀ ನಿಟ್ಟುಸಿರು ಬಿಟ್ಟ.

ಬುಧವಾರ ಬೆಳಿಗ್ಗೆ ಅದೇ ಪುಟದಲ್ಲಿ ಬಲೂನು. ಬಣ್ಣದ ಬಲೂನು, ಪೀಪಿ ಊದುವ ಸದ್ದು, ಕುಣಿಯುವ ಒಂದು ಗೂಡಂಗಡಿಯ ಚಿತ್ರ. 'ಹೆದರಿಬಿಟ್ರಾ? ನಾವೆಲ್ಲಿಗೆ ಹೋಗ್ತೇವೆ! ನಿಮ್ಮ ಪ್ರೀತಿ ಎಷ್ಟಿದೆ ಅಂತ ನೋಡಿದ್ದು ಅಷ್ಟೆ. ಎಲ್ಲವೂ ಹಾಗೇ ಇದೆ. ಹೊಚ್ಚ ಹೊಸ ಗೂಡಂಗಡಿಗೆ ಸ್ವಾಗತ!'

ನಾನು ಮತ್ತೊಮ್ಮೆ ಓದಿದೆ. ಕುಶಾಲು! ಹಾಡಹಗಲು ಊರೆಲ್ಲ ಬೊಬ್ಬೆ ಹೊಡೆಯುವಂತೆ ಮಾಡಿ, ಇದು ಕುಶಾಲಂತೆ, ತಮಾಷೆಯಂತೆ, ಪ್ರಚಾರವಂತೆ! ಕೈಯಲ್ಲಿದ್ದ ಸ್ಕ್ರೂಡ್ರೈವರ್ ಗೋಡೆಗೆ ಎಸೆದೆ. ಅಷ್ಟರಲ್ಲಿ ರಹ್ಮತ್ ಗೋದಾಮು ಬಿಟ್ಟು ಬಂದಿದ್ದ. ಟೀಮ್ ಸಿಕ್ಕಿದ ಖುಷಿಗೆ ನಗುವುದು, ಮೋಸಹೋದ ಸಿಟ್ಟಿಗೆ ಬೈಯುವುದು, ಎರಡನ್ನೂ ಒಟ್ಟಿಗೆ ಮಾಡುತ್ತಿದ್ದ. "ನಿನ್ನೆ ನಾನು ಬೀವಿಯ ಎದುರು ಅತ್ತಿದ್ದೇನೆ ಮಾರಾಯ! ಅವಳು ಮೂರು ತಲೆಮಾರಿಗೆ ಹೇಳ್ತಾಳೆ ಇನ್ನು!" ಅಮೃತ್ ಫೋನಿನಲ್ಲಿ ತಪ್ಪಿದ ಪರೀಕ್ಷೆಯ ವಿಷಯ ಮಾತ್ರ ಹೇಳಿ ಇಟ್ಟ. ಪುಟದ ಕೆಳಗೆ ಜನ ಮತ್ತೆ ಕಿತ್ತಾಡುತ್ತಿದ್ದರು. ಭಾರಿ ಬುದ್ಧಿವಂತಿಕೆ ಎಂದು ಹೊಗಳುವವರು ಕೆಲವರು, ಇನ್ನು ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎನ್ನುವವರು ಉಳಿದವರು.

ಆಗ ಬಲೂನುಗಳ ನಡುವೆ ಕಂಡಿತು. 'ನಿಮ್ಮ ಮುದ್ದು ಮಾತುಗಳು' ಎಂದು ಬರೆದು ಕೆಳಗೆ ದೊಡ್ಡ ಅಕ್ಷರದಲ್ಲಿ: 'ಧೈರ್ಯ ತಕ್ಕೊಳ್ಳಿ ಮಕ್ಕಳೇ. ಮನೆಯಲ್ಲಿ ಎಲ್ಲರೂ ಕ್ಷೇಮವಾ? ಊಟ ಬಿಡಬೇಡಿ. — ಹೇಮಾಕ್ಷಿ.' ಪಕ್ಕದಲ್ಲಿ ಹೊಟ್ಟೆ ಹಿಡಿದು ನಗುವ ಒಂದು ಬೊಂಬೆ.

ನನ್ನ ಮೈ ಉರಿಯಿತು. ಆದರೂ, ದೇವರಾಣೆ, ಮನಸ್ಸಿನ ಒಂದು ಮೂಲೆಯಲ್ಲಿ ಸಂತೋಷ ಇತ್ತು. ದಕ್ಕೆ ಉಳಿಯಿತಲ್ಲ! ಅಪ್ಪಿ ಉಳಿದಳಲ್ಲ! ಅದನ್ನು ಹೇಳುವವನು ನಾನೇ ಆಗಬೇಕು ಎಂದು ಓಣಿಯುದ್ದಕ್ಕೂ ಓಡಿದೆ.

"ಹೇಮಕ್ಕ! ಅಂಗಡಿ ಮುಚ್ಚಲಿಲ್ಲ! ಎಲ್ಲ ಸುಳ್ಳು, ಪ್ರಚಾರಕ್ಕೆ ಮಾಡಿದ್ದು! ನಿಮ್ಮ ದಕ್ಕೆ ಹಾಗೇ ಉಂಟು!"

ಹೇಮಕ್ಕ ಅಡುಗೆಮನೆಯಲ್ಲಿ ಬಂಗುಡೆ ಶುಚಿಮಾಡುತ್ತಿದ್ದರು. ಕೈ ನಿಂತಿತು. ಜಗಲಿಯಲ್ಲಿ ಪೂವಪ್ಪಣ್ಣ ಬಲೆ ಕೆಳಗಿಟ್ಟು ಎದ್ದು ನಿಂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಅರ್ಥವಾಗಲಿಲ್ಲ. ನಾನೇ ಕಂಪ್ಯೂಟರ್ ಹಾಕಿದೆ, ಲಾಗಿನ್ ಮಾಡಿದೆ. 'ಬನ್ನಿ ಹೇಮಾಕ್ಷಿಯವರೇ, ಊಟ ಆಯ್ತಾ?' ಎಂದಿತು. 'ಬಂದರು ಕಟ್ಟು' ತೆರೆಯಿತು.

ಸಮುದ್ರ. ಖಾಲಿ ದಂಡೆ. ಒಂದು ಬೋಟಿಲ್ಲ, ಒಂದು ಕಂಬವಿಲ್ಲ. ಮರವೂ ಇಲ್ಲ.

"ಇದೆಂತ?" ಎಂದೆ. "ಹೇಮಕ್ಕ, ಇದೆಂತ ಆಯ್ತು?"

ಉತ್ತರ ಕೊಟ್ಟದ್ದು ಪೂವಪ್ಪಣ್ಣ. ಅಷ್ಟು ಉದ್ದ ಮಾತು ಅವರ ಬಾಯಲ್ಲಿ ನಾನು ಹಿಂದೆ ಕೇಳಿಲ್ಲ. "ಸಂಜೆಗೆ ಅವರು ಅಳಿಸ್ತಾರೆ ಅಂತ ಬರೆದಿತ್ತಲ್ಲ ಎಲ್ರೊಯ್. ಪರರು ಒಡೆಯುದು ಬೇಡ ಅಂತ ನಾವೇ ಕಳಚಿದ್ವಿ. ತೆಂಗಿನಕಾಯಿ ಒಡೆದೆ ನಾನು. ಇವಳು ಬೋಟು ಒಂದೊಂದೇ ಕಡಲಿಗೆ ಬಿಟ್ಟಳು. ಹೆಂಗಸರನ್ನು ಹೆಸರು ಹಿಡಿದು ಮನೆಗೆ ಕಳಿಸಿದಳು. ಪ್ರತಿ ಸಲ ಅದು ಕೇಳ್ತಿತ್ತು, ನಿಜವಾಗಿ ತೆಗೀಬೇಕಾ ಅಂತ. ಹೌದು ಅಂತ ಒತ್ತಿದಳು. ಕೊನೆಗೆ ಉಳಿದದ್ದು ಅಪ್ಪಿ."

ಹೇಮಕ್ಕ ಬಾಗಿಲಿಗೆ ಒರಗಿ ನಿಂತಿದ್ದರು. ಕೈಯಲ್ಲಿ ಮೀನಿನ ರಕ್ತ ಹಾಗೇ ಇತ್ತು. "ಅವಳನ್ನು ಕಳಿಸ್ಲಿಕ್ಕೆ ಕೈ ಬರ್ಲಿಲ್ಲ ಎಲ್ರೊಯ್. ನೀನು ಹೋಗು, ಇಲ್ಲದಿದ್ರೆ ಅವರು ಅಳಿಸಿ ಬಿಡ್ತಾರೆ, ಮನೆಗೆ ಹೋಗು ಅಂತ ಹೇಳಿದೆ. ಹೇಳಿ ಒತ್ತಿದೆ." ಮತ್ತೆ ಕೇಳಿದರು, "ಹಾಗಾದ್ರೆ ಅವರ ಮನೆಯಲ್ಲಿ ಯಾರೂ ಸತ್ತಿರ್ಲಿಲ್ವಾ?"

"ಇಲ್ಲ ಹೇಮಕ್ಕ."

"ಯಾರಿಗೂ ಎಂತದೂ ಆಗಿರ್ಲಿಲ್ವಾ?"

"ಇಲ್ಲ."

ಅವರು ಅಲ್ಲೇ ನೆಲದ ಮೇಲೆ ಕೂತರು. ಮೊಣಕಾಲು ಮಡಚಲಾಗದ ಹೆಂಗಸು, ಹೇಗೆ ಕೂತರೋ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಳಲಿಲ್ಲ. "ಸಾವು ಅಂತ ಸುಳ್ಳು ಹೇಳ್ತಾರಾ ಯಾರಾದ್ರೂ?" ಎಂದು ಪೂವಪ್ಪಣ್ಣನನ್ನು ಕೇಳಿದರು. ಬಾಯಿಗೆ ಬಂದ ಹಾಗೆ ಸುಳ್ಳು ಹೇಳಿ ಮೀನು ಮಾರಿದ ಹೇಮಕ್ಕ, ನಿನ್ನೆಯ ಮೀನನ್ನು ಇವತ್ತಿನದೆಂದು ಆಣೆ ಹಾಕಿದ ಹೇಮಕ್ಕ, ಆ ಒಂದು ಸುಳ್ಳು ಇರಲು ಸಾಧ್ಯ ಎಂದೇ ನಂಬಲಾಗದೆ ಕೂತಿದ್ದರು. ಪೂವಪ್ಪಣ್ಣ ನೀರು ತಂದು ಅವರ ಕೈ ತೊಳೆಸಿದರು.

ನಾನು ಬಿಡಲಿಲ್ಲ. ಗೂಡಂಗಡಿಗೆ ಬರೆದೆ, ಫೋನ್ ಮಾಡಿದೆ, ಬೈದೆ, ಮತ್ತೆ ಬರೆದೆ. ಅವರ ಉತ್ತರ ಒಂದೇ: ನಾವು ಯಾರದನ್ನೂ ಅಳಿಸಿಲ್ಲ, ಗಿರಾಕಿ ತಾನಾಗಿ ತೆಗೆದದ್ದು ವಾಪಸ್ ಬರುವುದಿಲ್ಲ. ಇಡೀ ಊರಿಗೆ ಅವರವರದು ಸಿಕ್ಕಿತು. ನನಗೆ ಸಿಕ್ಕಿತು, ರಹ್ಮತನಿಗೆ ಸಿಕ್ಕಿತು. ಕೈಮುಗಿದು ಮರ್ಯಾದೆಯಿಂದ ಕಳಿಸಿಕೊಟ್ಟ ಒಬ್ಬರಿಗೆ ಮಾತ್ರ ಇಲ್ಲ. ನನ್ನ ಕಾಟ ತಡೆಯಲಾಗದೆಯೋ ಏನೋ, ಮುಂದಿನ ವಾರ ಅವರ ಕಚೇರಿಯಿಂದ ಪ್ರಾಪ್ತಿ ಎಂಬ ಹುಡುಗಿ ಫೋನ್ ಮಾಡಿ, ಹೇಮಾಕ್ಷಿಯವರೊಂದಿಗೆ ಮಾತಾಡಬೇಕು ಎಂದಳು. ನಾನು ಹೇಮಕ್ಕನನ್ನು ಅಂಗಡಿಗೆ ಕರೆಸಿ ಫೋನಿನ ಸ್ಪೀಕರ್ ಹಾಕಿದೆ.

"ಆಂಟಿ, ನಿಮ್ ವಿಷಯ ಕೇಳಿ ನಮ್ ಟೀಮಲ್ಲಿ ಎಲ್ಲರ ಕಣ್ಣಲ್ಲೂ ನೀರು ಬಂತು ಆಂಟಿ. ತುಂಬಾ ಟಚಿಂಗ್. ಜೀವನಪೂರ್ತಿ ಎಲ್ಲಾ ಗೇಮ್ಸ್ ನಿಮಗೆ ಫ್ರೀ ಕೊಡ್ತೀವಿ. ಮತ್ತೆ, ನೀವು ಆ ಬಂದರನ್ನ ಇನ್ನೊಂದ್ಸಲ ಕಟ್ಟೋದನ್ನ ನಾವು ವಿಡಿಯೋ ಮಾಡ್ತೀವಿ. ನಿಮ್ ಫ್ರೆಂಡ್ ಅಪ್ಪಿ ವಾಪಸ್ ಬರ್ತಾರೆ ಆಂಟಿ! ಜನ ಅಳ್ತಾರೆ ನೋಡಿ!"

ನನ್ನ ಬಾಯಿಗೆ ಬಂದದ್ದನ್ನು ಹೇಳಲು ಹೊರಟವನನ್ನು ಹೇಮಕ್ಕ ಕೈ ಎತ್ತಿ ತಡೆದರು. ಬಂದರಿನಲ್ಲಿ ಗಂಡಸರ ಬೆವರಿಳಿಸಿದ ಆ ದನಿಗೆ ಕಾದು ನಿಂತೆ. ಅದು ಬರಲಿಲ್ಲ. ಅವರು ಮೆಲ್ಲಗೆ ಕೇಳಿದರು:

"ನೀನು ಎಂತ ಹೆಸರು ಹೇಳಿದ್ದು ಮಗಾ?"

"ಪ್ರಾಪ್ತಿ, ಆಂಟಿ."

"ಪ್ರಾಪ್ತಿ, ಅಪ್ಪಿಯನ್ನು ನಾನು ಎರಡು ಸಲ ಕಳಿಸಿ ಆಯ್ತು. ಒಮ್ಮೆ ನಂದಿಗುಡ್ಡೆಯ ಸ್ಮಶಾನಕ್ಕೆ, ಒಮ್ಮೆ ನಿಮ್ಮ ಮಾತು ನಂಬಿ. ಕುಶಾಲಿಗೆ ಅಂತ ಅವಳನ್ನು ಮೂರನೇ ಸಲ ಕರೀಲಿಕ್ಕೆ ನನಗೆ ಆಗುದಿಲ್ಲ. ಅವಳು ನನ್ನನ್ನು ಬಯ್ತಾಳೆ."

ಹುಡುಗಿ ತಡವರಿಸುತ್ತ, "ಓಕೆ ಆಂಟಿ... ಯೋಚನೆ ಮಾಡಿ. ಇಡ್ಲಾ ಆಂಟಿ? ಬರ್ತೀನಿ ಆಂಟಿ" ಎಂದು ಕಾದಳು.

ಹೇಮಕ್ಕ ಬರ್ತೇನೆ ಎನ್ನಲಿಲ್ಲ. ಫೋನನ್ನು ನನ್ನ ಮೇಜಿನ ಮೇಲೆ ಇಟ್ಟು, ಮೊಣಕಾಲು ಹಿಡಿದು ಎದ್ದು, ಬಾಗಿಲ ಕಡೆ ನಡೆದರು. ತಿರುಗಿ ನೋಡಲಿಲ್ಲ.

"ಆಂಟಿ? ಹಲೋ? ಲೈನಲ್ಲಿ ಇದ್ದೀರಾ ಆಂಟಿ?" ಎಂದು ಫೋನು ಕೇಳುತ್ತಲೇ ಇತ್ತು. ನಾನು ಕಟ್ ಮಾಡಿದೆ.

ಮೆಟ್ಟಿಲಿಳಿದು ಓಣಿಗೆ ಕಾಲಿಟ್ಟ ಹೇಮಕ್ಕ ಒಂದು ಕ್ಷಣ ನಿಂತು, ಅಂಗಡಿಯ ಕಡೆ ಮುಖ ತಿರುಗಿಸಿದರು.

"ಬರ್ತೇನೆ ಎಲ್ರೊಯ್."

"ಆಯ್ತು ಹೇಮಕ್ಕ, ಬನ್ನಿ," ಎಂದೆ.